ಪಟಿಕ ಮತ್ತು ಮುರಿದ ಸ್ಕ್ರೂ

ಹೇಸ್‌ನಲ್ಲಿರುವ ನಮಗೆ ವಿಮಾನದ ಸದ್ದು ಕಾಗೆಯ ಕೂಗಿದ್ದ ಹಾಗೆ. ಇದ್ದರೂ ಕಿವಿಗೆ ಬೀಳುವುದಿಲ್ಲ. ಆದರೆ ಈ ಊರೇ ಒಂದು ಕಾಲಕ್ಕೆ ವಿಮಾನ ಕಟ್ಟುತ್ತಿತ್ತು ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ನಾರ್ತ್ ಹೈಡ್ ರಸ್ತೆಯಲ್ಲಿ ಫೇರಿ ಕಂಪನಿಯ ಕಾರ್ಖಾನೆಯಿತ್ತು. ತಯಾರಾದ ವಿಮಾನಗಳನ್ನು ಹಾರಿಸಿ ನೋಡಲು 1930ರಲ್ಲಿ ಅವರು ಹತ್ತಿರದಲ್ಲೇ ಒಂದು ಮೈದಾನ ಮಾಡಿಕೊಂಡರು. 1944ರಲ್ಲಿ ಸರ್ಕಾರ ಅದನ್ನು ವಶಪಡಿಸಿಕೊಂಡಿತು. ಉಪ್ಪಿನಕಾಯಿ ಜಾಡಿ ಒಡೆದಿದೆಯೋ ಏನೋ ಎಂಬ ಚಿಂತೆಯಲ್ಲಿ ನಾವೆಲ್ಲ ಬಂದಿಳಿಯುವ ಹೀಥ್ರೋ ಬೆಳೆದದ್ದು ಆ ನೆಲದಲ್ಲಿ.

ಫೇರಿಯವರ ಹೆಸರಾದ ವಿಮಾನ ಸ್ವೋರ್ಡ್‌ಫಿಶ್. ಎರಡಂತಸ್ತಿನ ರೆಕ್ಕೆ, ಬಟ್ಟೆ ಹೊದಿಸಿದ ಮೈ. 1934ರಲ್ಲಿ ಮೊದಲು ಹಾರಿತು. 1941ರ ಮೇ ತಿಂಗಳಲ್ಲಿ ಜರ್ಮನರ ಬಿಸ್ಮಾರ್ಕ್ ಹಡಗಿನ ಚುಕ್ಕಾಣಿ ಕೆಡಿಸಿದ್ದು ಇದರ ಟಾರ್ಪೆಡೋ. ನಮ್ಮ ಪಕ್ಕದ ಮನೆಯ ಹಿರಿಯರ ತಂದೆ ಆ ಕಾರ್ಖಾನೆಯಲ್ಲಿದ್ದವರು. ಆ ನೆನಪಿಗೆ ಇವರು ಮೂವತ್ತು ವರ್ಷಗಳ ಹಿಂದೆ ರೇಡಿಯೋದಿಂದ ಹಾರುವ ಸ್ವೋರ್ಡ್‌ಫಿಶ್ ಮಾದರಿಯೊಂದನ್ನು ಕಟ್ಟಿದರು. ಏಪ್ರಿಲ್‌ನಲ್ಲಿ ಮನೆ ಮಾರಿ ಮಗಳ ಊರಿಗೆ ಹೋಗಲಿದ್ದಾರೆ. ಅಷ್ಟರೊಳಗೆ ಒಮ್ಮೆ ಹಾರಿಸಬೇಕೆಂದು ಅಟ್ಟದಿಂದ ಇಳಿಸಿದರೆ, ಬಾಲದ ಚಕ್ರ ಹಿಡಿದಿಡುವ ನೈಲಾನ್ ತುಂಡಿನಲ್ಲಿ ತುಕ್ಕು ಹಿಡಿದ ಸ್ಕ್ರೂ ತಲೆ ಮುರಿದು ಒಳಗೇ ಉಳಿದಿದೆ. ಎರಡು ಮಿಲಿಮೀಟರಿನ ಸ್ಕ್ರೂ. ಆ ತುಂಡು ಈಗ ಎಲ್ಲೂ ಸಿಕ್ಕುವುದಿಲ್ಲ. ಅವರ ಕೈ ನಡುಗುತ್ತದೆ. “ನೀವು ಡಾಕ್ಟರಲ್ಲವೇ” ಎಂದು ನನ್ನ ಕೈಗಿತ್ತರು.

ಮೇಲೆ ಚೂರು ಇಣುಕುತ್ತಿದ್ದರೆ ಕೆಲಸ ಸುಲಭ. ಸಾಲ್ಡರಿಂಗ್ ಕಡ್ಡಿಯ ತುದಿಯನ್ನು ಸ್ಕ್ರೂವಿಗೆ ಮುಟ್ಟಿಸಿದರೆ ಸುತ್ತಲಿನ ಪ್ಲಾಸ್ಟಿಕ್ ಸ್ವಲ್ಪ ಸಡಿಲಿಸುತ್ತದೆ, ಇಕ್ಕಳದಿಂದ ತಿರುಗಿಸಿ ತೆಗೆಯಬಹುದು. ಇದು ಸಮಮಟ್ಟಕ್ಕೆ ಮುರಿದಿತ್ತು. ಬೈರಿಗೆಯ ಮಾತೇ ಬೇಡ. ಕಬ್ಬಿಣದೊಳಗೆ ಕಬ್ಬಿಣ ಮುರಿದಿದ್ದರೆ ಅದು ನೇರ ಇಳಿದೀತು. ಇಲ್ಲಿ ಸ್ಕ್ರೂ ಗಟ್ಟಿ, ನೈಲಾನ್ ಮೆದು. ಬೈರಿಗೆ ಜಾರುವುದು ಮೆದುವಿನ ಕಡೆಗೇ. ತೂತು ಹಾಳಾಗುತ್ತದೆ, ಸ್ಕ್ರೂ ನಗುತ್ತಾ ಕೂತಿರುತ್ತದೆ.

ಗಡಿಯಾರ ರಿಪೇರಿಯವರಲ್ಲಿ ಒಂದು ಹಳೆಯ ಉಪಾಯವಿದೆ: ಹಿತ್ತಾಳೆಯಲ್ಲಿ ಮುರಿದ ಉಕ್ಕಿನ ಸ್ಕ್ರೂವನ್ನು ಪಟಿಕದ ನೀರಿನಲ್ಲಿ ಕರಗಿಸುವುದು. ನಮ್ಮೂರ ಕ್ಷೌರಿಕ ಕೆನ್ನೆಗೆ ಉಜ್ಜುತ್ತಿದ್ದ, ಅಜ್ಜಿ ಕೆಂಪು ನೀರಿನ ಕೊಡದಲ್ಲಿ ಆಡಿಸುತ್ತಿದ್ದ ಅದೇ ಪಟಿಕ. ನೀರಿನಲ್ಲಿ ಅದು ತುಸು ಆಮ್ಲವಾಗುತ್ತದೆ. ಕಬ್ಬಿಣ ಕರಗಿ ಜಲಜನಕದ ಗುಳ್ಳೆಗಳು ಏಳುತ್ತವೆ. ನೈಲಾನಿಗೆ ಅಷ್ಟು ಹುಳಿ ಲೆಕ್ಕಕ್ಕಿಲ್ಲ. ಅವಸರಪಟ್ಟು ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಮಾತ್ರ ಸ್ಕ್ರೂವಿನ ಜೊತೆ ನೈಲಾನೂ ಕರಗೀತು. ಸ್ಟೇನ್‌ಲೆಸ್ ಸ್ಟೀಲು ಪಟಿಕಕ್ಕೆ ಜಗ್ಗುವುದಿಲ್ಲ. ಇದಕ್ಕಾದರೋ ತುಕ್ಕೇ ಸಾಕ್ಷಿ ಹೇಳಿತ್ತು, ಅಯಸ್ಕಾಂತವೂ ಅಂಟಿತು.

207ನೇ ನಂಬರ್ ಬಸ್ಸು ಹತ್ತಿ ಸೌತಾಲ್‌ಗೆ ಹೋಗಿ ಪಟಿಕ ತಂದೆ. ಜಾಮಿನ ಗಾಜಿನ ಬಾಟಲಿಯಲ್ಲಿ ಬಿಸಿನೀರು, ಕರಗುವಷ್ಟು ಪಟಿಕ, ಅದರಲ್ಲಿ ಆ ತುಂಡು. ಅನಿಲ ಹೊರಹೋಗಲೆಂದು ಮುಚ್ಚಳ ಬಿಗಿಯಲಿಲ್ಲ. ಬೆಚ್ಚಗಿನ ಜಾಗವೆಂದರೆ ಮನೆಯಲ್ಲಿ ಒಂದೇ, ನನ್ನಾಕೆ ಮೊಸರಿಗೆ ಹೆಪ್ಪು ಹಾಕಿಡುವ ಬಾಯ್ಲರ್ ಬೀರು.

“ರೀ, ಮೊಸರಿನ ಪಕ್ಕದಲ್ಲಿ ಇದೇನ್ರೀ? ನಿಮ್ಮ ಲ್ಯಾಬು ಲ್ಯಾಬಿನಲ್ಲೇ ಇರಲಿ.”

“ಪಟಿಕ ಕಣೇ, ವಿಷವಲ್ಲ.”

ಮೊಸರು ಮೇಲಿನ ಹಲಗೆಗೆ ಹೋಯಿತು. ನಾಲ್ಕು ದಿನ ದಿನಕ್ಕೆರಡು ಬಾರಿ ನೀರು ಬಿಸಿಮಾಡಿ ಬದಲಾಯಿಸಿದೆ. ಐದನೆಯ ಬೆಳಿಗ್ಗೆ ಗುಳ್ಳೆಗಳು ನಿಂತಿದ್ದವು. ಗುಂಡುಸೂಜಿಯಿಂದ ಕೆದಕಿದಾಗ ಕಪ್ಪು ಕೆಸರಷ್ಟೇ ಬಂತು. ತೂತಿನ ಥ್ರೆಡ್ಡು ಹಾಗೆಯೇ ಉಳಿದಿತ್ತು. ಬಿಸಿನೀರಿನಲ್ಲಿ ನೆನೆದು ನೈಲಾನ್ ಇನ್ನಷ್ಟು ಚಿಮ್ಮಟವೂ ಆಗಿತ್ತು. ಇದಕ್ಕೆಂದೇ ಹಿಂದೆ ಮಾದರಿ ವಿಮಾನದವರು ನೈಲಾನ್ ಪ್ರೊಪೆಲರುಗಳನ್ನು ನೀರಿನಲ್ಲಿ ಕುದಿಸುತ್ತಿದ್ದರಂತೆ.

ಹೊಸ ಸ್ಕ್ರೂವನ್ನು ಹಿರಿಯರೇ ಹಾಕಿದರು. ಮೊದಲು ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸಿ, ಹಳೆಯ ಥ್ರೆಡ್ಡಿಗೆ ಟಿಕ್ಕೆಂದು ಕೂತ ಮೇಲೆ ಮುಮ್ಮುಖವಾಗಿ. ಆ ಹೊತ್ತಿಗೆ ಅವರ ಕೈ ನಡುಗಲಿಲ್ಲ. ಸ್ಟೇನ್‌ಲೆಸ್ ಹಾಕಿದ್ದರೆ ತುಕ್ಕಿನ ಭಯವಿರುತ್ತಿರಲಿಲ್ಲವಲ್ಲ ಎಂದೆ.

“ಬೇಡಪ್ಪ, ಮಾಮೂಲಿಯದೇ ಇರಲಿ. ಇನ್ನೊಮ್ಮೆ ಮುರಿದರೆ ನಿನ್ನ ಬಾಟಲಿಗೆ ಹೆದರುವಂಥದ್ದೇ ಬೇಕು” ಎಂದರು, ಉಳಿದ ಪಟಿಕವನ್ನು ಕೇಳಿ ಜೇಬಿಗೆ ಹಾಕಿಕೊಳ್ಳುತ್ತಾ.