ಒಂದೇ ಹೆಸರು, ಬೇರೆ ಬೇರೆ ಅರ್ಥ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಅಲಂಕಾರಗಳ ಬಾಯಿಪಾಠ ಶುರು. ಉಪಮೇಯ, ಉಪಮಾನ, ವಾಚಕ ಪದ, ಸಮಾನ ಧರ್ಮ... ಮಕ್ಕಳು ಗಿಳಿಗಳಂತೆ ಒಪ್ಪಿಸುತ್ತಾರೆ. "ಈಗ 'ಗಿಳಿಗಳಂತೆ' ಅಂದೆವಲ್ಲ, ಅದು ಯಾವ ಅಲಂಕಾರ?" ಎಂದು ಕೇಳಿದರೆ ಮಾತ್ರ ತರಗತಿಯೇ ಮೌನ!

ಲಕ್ಷಣ ಹೇಳುವ ಮೊದಲು ಮಾತನ್ನೇ ಮುಂದಿಡೋಣ. "ಮಾಷ್ಟ್ರ ಸಿಟ್ಟು ಆಟಿಯ ಮಳೆಯಂತೆ ಸುರಿಯಿತು" ಎಂದರೆ ಉಪಮೆ. ಇಲ್ಲಿ ಹೋಲಿಕೆ ಮಾತ್ರ. "ಮಾಷ್ಟ್ರ ಸಿಟ್ಟೇ ಆಟಿಯ ಮಳೆ" ಎಂದರೆ ರೂಪಕ. ಎರಡೂ ಒಂದೇ ಆಗಿಬಿಟ್ಟವು. "ಆಟಿಯ ಮಳೆಯೇ ತರಗತಿಗೆ ನುಗ್ಗಿತೋ ಎಂಬಂತೆ ಮಾಷ್ಟ್ರು ಸಿಟ್ಟಾದರು" ಎಂದರೆ ಉತ್ಪ್ರೇಕ್ಷೆ. ಒಂದನ್ನು ಇನ್ನೊಂದೆಂದು ಕಲ್ಪಿಸಿದ್ದು. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ ಮಲಯಾಳವೋ ಆಡುವ ಮಗುವಿಗೂ ಇಂಥ ಮಾತು ಹೊಸದಲ್ಲ. ಹೆಸರು ಮಾತ್ರ ಹೊಸದು.

ಹೆಸರಿನಲ್ಲೇ ಒಂದು ತೊಡಕಿದೆ. ದಿನಬಳಕೆಯ ಕನ್ನಡದಲ್ಲಿ ಉತ್ಪ್ರೇಕ್ಷೆ ಎಂದರೆ ಇದ್ದದ್ದನ್ನು ದೊಡ್ಡದು ಮಾಡಿ ಹೇಳುವುದು. ಅಲಂಕಾರ ಶಾಸ್ತ್ರದಲ್ಲಿ ಅದಕ್ಕೆ ಅತಿಶಯೋಕ್ತಿ ಎಂದು ಬೇರೆಯೇ ಹೆಸರು. ಮಲಯಾಳದವರು ದಿನದ ಮಾತಿನಲ್ಲೂ ಅತಿಶಯೋಕ್ತಿ ಎಂದೇ ಹೇಳುತ್ತಾರೆ.

ಗಡಿನಾಡಿನ ನಮಗೆ ಇಂಥ ತೊಡಕು ಇನ್ನೂ ಇವೆ. ಉಪನ್ಯಾಸ ಎಂದರೆ ನಮಗೆ ಭಾಷಣ, ಮಲಯಾಳದಲ್ಲಿ ಪ್ರಬಂಧ. ಮಲಯಾಳದಲ್ಲಿ ಎಲ್ಲ ಛಂದಸ್ಸಿಗೂ ವೃತ್ತ ಎಂಬ ಹೆಸರು ಸಲ್ಲುತ್ತದೆ; ನಮ್ಮಲ್ಲಿ ಷಟ್ಪದಿಯನ್ನು ವೃತ್ತ ಎಂದರೆ ತಪ್ಪು. ಮಲಯಾಳದ ಪ್ರಶ್ನೆಯೊಂದನ್ನು ಕನ್ನಡಕ್ಕೆ ತರುವವರು 'ಉಪನ್ಯಾಸ'ವನ್ನು ಹಾಗೆಯೇ ಇಳಿಸಿದರೆ ಮಗು ಪ್ರಬಂಧ ಬರೆಯುವ ಬದಲು ಭಾಷಣ ಬರೆದೀತು. ಅಂಕ ಹೋಗುವುದು ಯಾರದ್ದು? ಎರಡೂ ಭಾಷೆ ಬಲ್ಲ ಅಧ್ಯಾಪಕರು ನಮಗೆ ಬೇಕು ಎನ್ನುವುದು ಇದಕ್ಕೇ.

ಹೆಸರುಗಳು ಒಂದೇ ಆಗಿರಲು ಕಾರಣವಿದೆ. ಎರಡೂ ಭಾಷೆಗಳು ಅವನ್ನು ಸಂಸ್ಕೃತದಿಂದ ಪಡೆದವು. 9ನೇ ಶತಮಾನದ ನಮ್ಮ 'ಕವಿರಾಜಮಾರ್ಗ' ದಂಡಿಯ 'ಕಾವ್ಯಾದರ್ಶ'ವನ್ನು ಬಹಳವಾಗಿ ಅನುಸರಿಸಿದೆ. ಮಲಯಾಳದಲ್ಲಿ ಎ. ಆರ್. ರಾಜರಾಜವರ್ಮರ 'ಭಾಷಾಭೂಷಣಂ' ಅಲಂಕಾರಗಳನ್ನು ವಿವರಿಸುತ್ತದೆ. ಪಡೆದುಕೊಂಡ ಮೇಲೆ ಆಯಾ ಭಾಷೆ ತನಗೆ ಬೇಕಾದಂತೆ ಬಳಸಿಕೊಂಡಿತು, ಅಷ್ಟೆ.

ಒಂದು ಜಗಳವನ್ನಂತೂ ಎರಡೂ ಭಾಷೆಗಳು ಕಂಡಿವೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ನಿಯಮ ಎರಡೂ ಕಡೆ ಇತ್ತು. ಅದೇ ದ್ವಿತೀಯಾಕ್ಷರ ಪ್ರಾಸ. ಅದು ಬೇಕೇ ಬೇಕೇ ಎಂದು ಮಲಯಾಳದಲ್ಲಿ ದೊಡ್ಡ ವಾದವೇ ನಡೆಯಿತು. ಕೇರಳವರ್ಮ ವಲಿಯ ಕೋಯಿತ್ತಂಬುರಾನ್ ಬೇಕೆಂದರು. ಅವರ ಸೋದರಳಿಯ ರಾಜರಾಜವರ್ಮರು ಕಡ್ಡಾಯ ಬೇಡವೆಂದರು. ಇತ್ತ ನಮ್ಮ ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸವನ್ನು ಬಿಟ್ಟು ಬರೆಯತೊಡಗಿದರು. ಆಗ ಅದಕ್ಕೆ ಟೀಕೆಗಳೂ ಬಂದವು. ಪ್ರಾಸವೆಂದರೆ ಏನೆಂದೇ ತಿಳಿಯದ ಮಗುವಿಗೆ ಅದನ್ನು ಬಿಡುವುದು ಎಷ್ಟು ದೊಡ್ಡ ಧೈರ್ಯವೆಂದು ಹೇಗೆ ಗೊತ್ತಾಗಬೇಕು? ಮಂಜೇಶ್ವರದ ಪಕ್ಕದಲ್ಲೇ ಇದ್ದೂ ಪೈಗಳು ಬರಿಯ ಹೆಸರಾಗಿ ಉಳಿದಾರು.

ಹಾಗಾಗಿ ನಮ್ಮದೊಂದು ಸಲಹೆ. ಮಕ್ಕಳ ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ಮೂರು ಗೆರೆ ಎಳೆಸೋಣ: ಪದ, ಕನ್ನಡದಲ್ಲಿ ಅರ್ಥ, ಮಲಯಾಳದಲ್ಲಿ ಅರ್ಥ, ಮನೆಮಾತಿನ ಒಂದು ಉದಾಹರಣೆ. ಊರಿನಲ್ಲಿ ತಾಳಮದ್ದಳೆ ನಡೆದರೆ ಕರೆದುಕೊಂಡು ಹೋಗೋಣ. ಅರ್ಥಧಾರಿಗಳ ಒಂದು ಗಂಟೆಯ ವಾದದಲ್ಲಿ ಉಪಮೆ, ರೂಪಕ, ಶ್ಲೇಷೆ ಎಷ್ಟು ಸಿಕ್ಕವೆಂದು ಮಕ್ಕಳೇ ಎಣಿಸಲಿ. ಅಧ್ಯಾಪಕ ಮಿತ್ರರೇ, ಹೆತ್ತವರೇ, ನಿಮ್ಮ ಕಡೆ ಇಂಥ ಪದಗಳು ಬೇರೆ ಇದ್ದರೆ ತಿಳಿಸಿ, ಪಟ್ಟಿ ಬೆಳೆಯಲಿ.