ತಾರೀಖು ಮರೆತ ಕಂಪ್ಯೂಟರ್

ಶಿರಸಿ,
ಆಷಾಢ, ಭಾನುವಾರ

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಬರೆಯಿರಿ. ಇಲ್ಲಿ ಹಿಡಿದ ಮಳೆ ಬಿಟ್ಟಿಲ್ಲ. ಸಹಸ್ರಲಿಂಗಕ್ಕೆ ಹೋದರೆ ಶಾಲ್ಮಲೆ ತುಂಬಿ ಹರಿಯುತ್ತಿದ್ದಳು; ಲಿಂಗಗಳು ನೀರಿನಡಿ, ದಡದಿಂದಲೇ ಕೈಮುಗಿದು ಬಂದೆ. ಬನವಾಸಿಯಲ್ಲಿ ಮಾತ್ರ ಮಧುಕೇಶ್ವರನ ದರ್ಶನ ಸಾವಕಾಶವಾಗಿ ಆಯಿತು. ಉಳಿದಿರುವುದು ಅಡಿಕೆ ತೋಟದ ನಡುವಿನ ಹೋಂಸ್ಟೇಯಲ್ಲಿ. ಮಳೆ ಹೊಳವಾದರೆ ಸಾಕು, ಯಜಮಾನರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಓಡುತ್ತಾರೆ.

ಅವರ ಜಗಲಿಯಲ್ಲೊಂದು ಹಳೇ ಕಂಪ್ಯೂಟರ್ ಇದೆ. ವಿಂಡೋಸ್ 7, ನಮ್ಮನೆಯದರ ಓರಗೆಯದು. ತೋಟದ ಲೆಕ್ಕ, ಪಹಣಿ, ಅಡಿಕೆ ಧಾರಣೆ ಎಲ್ಲಕ್ಕೂ ಅದೇ. ಮಳೆ ಶುರುವಾದ ಮೇಲೆ ಅದಕ್ಕೆ ಇಂಟರ್‌ನೆಟ್ ಇಲ್ಲ. ಅದೇ ರೂಟರಿನಿಂದ ಮೊಬೈಲಿಗೆ ಸಲೀಸಾಗಿ ಬರುತ್ತದೆ. ನೋಡಿದವರೊಬ್ಬರು "ಇದರ ಕಾಲ ಮುಗೀತು, ಹೊಸದು ತಗೊಳ್ಳಿ" ಎಂದರಂತೆ. ನಾನು ಕಂಪ್ಯೂಟರ್ ಕೆಲಸದವಳೆಂದು ಗೊತ್ತಾದದ್ದೇ ತಡ, ಕಷಾಯದ ಲೋಟದ ಜೊತೆ ಅದೂ ನನ್ನ ಮುಂದೆ ಬಂತು.

ಮೊದಲು ಹಿಂಬದಿ ನೋಡಿದೆ. ಕೇಬಲ್ ಸಿಕ್ಕಿಸಿದಲ್ಲಿ ಹಸಿರು ದೀಪ ಮಿಣುಕುತ್ತಿತ್ತು, ಅಂದರೆ ತಂತಿ ಸರಿಯಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಕೊಟ್ಟರೆ 192.168ರಿಂದ ಶುರುವಾಗುವ ವಿಳಾಸ. 169.254 ಎಂದು ಬಂದಿದ್ದರೆ ರೂಟರ್ ಇದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ ಎಂದಾಗುತ್ತಿತ್ತು. 8.8.8.8ಕ್ಕೆ ಪಿಂಗ್ ಮಾಡಿದೆ, ಉತ್ತರ ಬಂತು. ಅಲ್ಲಿಗೆ ಇಂಟರ್‌ನೆಟ್ ಮನೆಯೊಳಗೆ, ಆ ಕಂಪ್ಯೂಟರಿನೊಳಗೇ ಬಂದು ಕೂತಿದೆ ಎಂದಾಯಿತು. ಬಾಗಿಲು ತೆಗೆಯದೆ ಇರುವುದು ಬ್ರೌಸರ್ ಮಾತ್ರ. ಯಾವ ತಾಣಕ್ಕೆ ಹೋದರೂ "ಪ್ರಮಾಣಪತ್ರ ಸರಿಯಿಲ್ಲ" ಎಂಬ ಎಚ್ಚರಿಕೆ.

ಪರದೆಯ ಬಲಮೂಲೆಯಲ್ಲಿ ತಾರೀಖು 1-1-2009! "ಅದು ಹಾಗೇ ತೋರಿಸ್ತದೆ" ಎಂದರು ಯಜಮಾನರು. ಸುರಕ್ಷಿತ ತಾಣ ಪ್ರತಿಯೊಂದೂ ತನ್ನ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತದೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದಿರುತ್ತದೆ. 2009ರಲ್ಲಿ ಕೂತ ಯಂತ್ರಕ್ಕೆ ಈಗಿನ ಪ್ರಮಾಣಪತ್ರಗಳೆಲ್ಲ ಇನ್ನೂ ಹುಟ್ಟದವು, ನಂಬುವುದು ಹೇಗೆ? ಗಡಿಯಾರವನ್ನು ವಿಂಡೋಸ್ ತಾನೇ ತಿದ್ದಿಕೊಳ್ಳಬಹುದಿತ್ತು. ಆದರೆ ವ್ಯತ್ಯಾಸ 15 ಗಂಟೆ ಮೀರಿದರೆ ಅದು ತಿದ್ದುವ ಗೊಡವೆಗೆ ಹೋಗುವುದಿಲ್ಲ.

ಮದರ್‌ಬೋರ್ಡಿನ ಮೇಲೆ ನಾಣ್ಯದಂಥದೊಂದು ಬ್ಯಾಟರಿ ಇರುತ್ತದೆ, 3 ವೋಲ್ಟಿನದು. ಪ್ಲಗ್ ಕಿತ್ತಾಗ ಗಡಿಯಾರ ನಡೆಸುವುದು ಅದೇ. ಸಿಡಿಲಿನ ಭಯಕ್ಕೆ ಇಲ್ಲಿಯವರು ಮಳೆಗಾಲದಲ್ಲಿ ಕಂಪ್ಯೂಟರಿನ ಪ್ಲಗ್ ಕಿತ್ತೇ ಇಡುತ್ತಾರೆ. ಬ್ಯಾಟರಿ ಸತ್ತಿದ್ದು ಬೇಸಿಗೆಯಲ್ಲಿ ಗೊತ್ತಾಗದೆ ಮಳೆಯಲ್ಲಿ ಬಯಲಾದದ್ದು ಅದಕ್ಕೇ. ಪೇಟೆಯ ಗಡಿಯಾರದಂಗಡಿಯಲ್ಲಿ ಸಿಆರ್ 2032 ಸಿಕ್ಕಿತು. ಡಬ್ಬಿ ಬಿಚ್ಚಿ, ಧೂಳು ಹೊಡೆದು, ಹೊಸದು ಕೂರಿಸಿ ತಾರೀಖು ಸರಿಮಾಡಿದೆ. ಧಾರಣೆಯ ಪುಟ ತೆರೆದುಕೊಂಡಿತು.

ಆದರೂ ಕೆಲವು ತಾಣಗಳು ಮುನಿಸಿಕೊಂಡೇ ಇದ್ದವು. ಬ್ರೌಸರ್ ತೀರಾ ಹಳತು. ವಿಂಡೋಸ್ 7ಕ್ಕೆ ಕ್ರೋಮ್ 109ನೇ ಆವೃತ್ತಿಗೇ ನಿಂತುಹೋಗಿದೆ, ಫೈರ್‌ಫಾಕ್ಸ್ 115ಕ್ಕೆ. ಫೈರ್‌ಫಾಕ್ಸ್ 115 ಹಾಕಿಕೊಟ್ಟೆ, ಅವೂ ಬಂದವು. ಬ್ಯಾಂಕಿನ ವ್ಯವಹಾರ ಮಾತ್ರ ಇದರಲ್ಲಿ ಬೇಡವೆಂದು ಹೇಳಿದ್ದೇನೆ. ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ವಿಂಡೋಸ್ 7ನ್ನು ಕೈಬಿಟ್ಟಿದೆ. ಹಳತೆಂಬುದು ಸುಳ್ಳಲ್ಲ, ಆದರೆ ಕೆಟ್ಟದ್ದು ಅದರಿಂದಲ್ಲ.

ಆದ್ದರಿಂದ ಇಂಟರ್‌ನೆಟ್ ಬರುತ್ತಿಲ್ಲವೆಂದು ನಮ್ಮನೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಯೋಚನೆ ಸದ್ಯಕ್ಕೆ ಬಿಡಿ. ಮೊದಲು ತಾರೀಖು ನೋಡಿ. ಅದು ಸರಿಯಿದ್ದರೆ ಹಿಂದಿನ ದೀಪ ನೋಡಿ. ದೀಪವಿಲ್ಲದಿದ್ದರೆ ಕೇಬಲ್ ಬದಲಿಸಿ. ದೀಪವಿದ್ದೂ ವಿಳಾಸ 169.254 ಎಂದು ಬಂದರೆ ರೂಟರ್ ಆರಿಸಿ ಮತ್ತೆ ಹಾಕಿ. ಎಲ್ಲಿಗೆ ನಿಂತಿತೆಂದು ಫೋನಿನಲ್ಲಿ ಹೇಳಿ, ಮುಂದಿನದು ನಾನು ಹೇಳುತ್ತೇನೆ. ಪಿಂಚಣಿ ಖಾತೆ ಮೊಬೈಲಿನಲ್ಲೇ ನೋಡಿ.

ಅಮ್ಮನಿಗೆ ತೊಡೆದೇವು ಕಟ್ಟಿಸಿಕೊಂಡಿದ್ದೇನೆ.

ಇಂತಿ ನಿಮ್ಮ ಮಗಳು