ಅಕ್ಕನ ಕಣ್ಣಿಗೊಂದು ಪರದೆ

ಪ್ರೀತಿಯ ಅಕ್ಕನಿಗೆ,

ಕಣ್ಣಿಗೆ ಹಿತವಾಗುವ ಟ್ಯಾಬ್ ಯಾವುದು ಎಂದು ಕೇಳಿದ್ದೆಯಲ್ಲ, ಅದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ "ಸರಿ ಕಣೋ, ಯಾವ ಟ್ಯಾಬ್ ಅಂತ ಹೇಳು, ತರಿಸ್ಕೋತೀನಿ" ಅಂದುಬಿಡುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಕ್ಷರ ಬೇಕೆಂದೇ ದಪ್ಪಗೆ ಬರೆದಿದ್ದೇನೆ.

ಹೋದ ತಿಂಗಳು ಮೈಸೂರಿಗೆ ಬಂದಿದ್ದಾಗ ರಾತ್ರಿ ನೀರು ಕುಡಿಯಲು ಎದ್ದವನು ನಿನ್ನನ್ನು ನೋಡಿದೆ. ಭಾವನವರ ನಿದ್ದೆ ಕೆಡಬಾರದೆಂದು ದೀಪ ಆರಿಸಿ, ಫೋನಿನ ಬೆಳಕನ್ನೂ ಕೊನೆಯವರೆಗೆ ತಗ್ಗಿಸಿ, ಯಾರದೋ ಕಾದಂಬರಿಯ ಕರಡು ತಿದ್ದುತ್ತಿದ್ದೆ. ಪಿಡಿಎಫ್ ಪುಟವನ್ನು ಎರಡು ಬೆರಳಲ್ಲಿ ಹಿಗ್ಗಿಸುವುದು, ಸಾಲು ಮುಗಿಯುವ ತನಕ ಎಳೆಯುವುದು, ಮತ್ತೆ ಎಡಕ್ಕೆ ತಂದು ಮುಂದಿನ ಸಾಲು ಹುಡುಕುವುದು. ಬಾಗಿಲಲ್ಲಿ ನಿಂತಿದ್ದ ನಾನು ನಿನ್ನ ಕಣ್ಣಿಗೆ ಬೀಳಲೇ ಇಲ್ಲ. ಮಾರನೆಯ ದಿನ ತಿಂಡಿ ತಿನ್ನುವಾಗ, 'ಧನಲಾಭ' ಹೋಗಿ 'ದನಲಾಭ' ಎಂದು ಅಚ್ಚಾದ ಕತೆ ಹೇಳಿ ನಗಿಸಿದೆಯಲ್ಲ, ಆಗ ನಾನು ಪೂರ್ತಿ ನಗಲಿಲ್ಲ. ಮೂವತ್ತು ವರ್ಷದಿಂದ ಕರಡು ತಿದ್ದುವವಳ ಕಣ್ಣಿಗೆ ಆ ಸಣ್ಣ ಗೀಟು ತಪ್ಪಿಹೋಗಿದೆ ಎಂದರೆ ತಪ್ಪು ನಿನ್ನ ವ್ಯಾಕರಣದ್ದಲ್ಲ.

ಮೊದಲು ನೀಲಿ ಬೆಳಕು ತಡೆಯಲೆಂದು ನೀನು ಕೊಂಡ ಕನ್ನಡಕದ ಮಾತು. 'ಬ್ಲೂ ಕಟ್' ಎಂದು ಅಂಗಡಿಯವನು ಹೆಚ್ಚು ದುಡ್ಡು ತೆಗೆದುಕೊಂಡ ಗಾಜು. ಈ ಬಗೆಯ ಗಾಜುಗಳ ಮೇಲೆ ನಡೆದ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ, ಕಾಕ್ರೇನ್ ಎಂಬ ಸಂಶೋಧಕರ ಸಂಸ್ಥೆಯ ವಿಮರ್ಶೆ 2023ರಲ್ಲಿ ಹೊರಬಂತು. ಮಾಮೂಲಿ ಗಾಜಿಗೆ ಹೋಲಿಸಿದರೆ ಕಣ್ಣಿನ ಆಯಾಸ ಇದರಿಂದ ಕಡಿಮೆಯಾಗುವಂತೆ ಅದಕ್ಕೆ ಕಾಣಲಿಲ್ಲ. ಪರದೆಯಿಂದ ಬರುವ ನೀಲಿ ಬೆಳಕು ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ಬಿಸಿಲಿನಿಂದ ಕಣ್ಣಿಗೆ ಬೀಳುವುದರ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಹೋದ ದುಡ್ಡು ಹೋಯಿತು, ಬಿಡು.

ನಿನ್ನ ಫೋನಿನಲ್ಲಿ ಬೇರೆಯೇ ಒಂದು ತಂಟೆ ಇದೆ. ಅದರದ್ದು ಓಎಲ್ಇಡಿ ಪರದೆ. ಅಂಥ ಎಷ್ಟೋ ಪರದೆಗಳು ಬೆಳಕು ತಗ್ಗಿಸಿದಾಗ ನಿಜಕ್ಕೂ ಮಂದವಾಗಿ ಉರಿಯುವುದಿಲ್ಲ. ಸೆಕೆಂಡಿಗೆ ನೂರಾರು ಸಲ ಆರಿ ಹತ್ತಿ, ಮಂದವಾಗಿರುವಂತೆ ನಟಿಸುತ್ತವೆ. ಸೆಕೆಂಡಿಗೆ 240 ಸಲ ಮಿನುಗುವ ಫೋನುಗಳು ಬೇಕಾದಷ್ಟಿವೆ. ಕೆಲವರಿಗೆ ಇದರಿಂದ ಏನೂ ಆಗದು, ಕೆಲವರಿಗೆ ಹಣೆ ಹಿಡಿದುಕೊಳ್ಳುತ್ತದೆ. ನಿನ್ನದು ಎರಡನೆಯ ಜಾತಿ ಎಂದು ನನ್ನ ಅನುಮಾನ. ಪರೀಕ್ಷೆ ಸುಲಭ: ಕತ್ತಲೆಯಲ್ಲಿ, ಬೆಳಕು ತಗ್ಗಿಸಿದ ಬಿಳಿ ಪರದೆಯ ಮುಂದೆ ಒಂದು ಪೆನ್ನನ್ನು ಬೀಸಣಿಗೆಯಂತೆ ಜೋರಾಗಿ ಆಡಿಸು. ಪರದೆ ಮಿನುಗುತ್ತಿದ್ದರೆ ಬಿಡಿಬಿಡಿಯಾಗಿ ಹತ್ತಾರು ಪೆನ್ನುಗಳು ಕಾಣುತ್ತವೆ. ಮಿನುಗದಿದ್ದರೆ ಒಂದೇ ಮಸುಕು. ಭಾವನವರ ಹಳೆಯ ಎಲ್‌ಸಿಡಿ ಫೋನಿನ ಮುಂದೆಯೂ ಆಡಿಸಿ ನೋಡು. ಟ್ಯಾಬ್ ಕೊಳ್ಳಲು ಅಂಗಡಿಗೆ ಹೋದರೂ ಬ್ಯಾಗಿನಲ್ಲೊಂದು ಪೆನ್ನಿರಲಿ, ಸೇಲ್ಸಿನ ಹುಡುಗ ನಕ್ಕರೆ ನಗಲಿ. ಸದ್ಯಕ್ಕೆ ಫೋನಿನ ಬೆಳಕನ್ನು ಅರ್ಧಕ್ಕಿಂತ ಮೇಲೆಯೇ ಇಡು. ಅದು ಕಣ್ಣಿಗೆ ಹೊಡೆದರೆ ಸೆಟ್ಟಿಂಗ್ಸಿನಲ್ಲಿ 'ಎಕ್ಸ್‌ಟ್ರಾ ಡಿಮ್' ಇದೆ, ಅದನ್ನು ಹಾಕು. ಮತ್ತು ತಲೆಯ ಹಿಂದೆ ಒಂದು ದೀಪ ಉರಿಯಲಿ. ಭಾವನವರು ಆ ಕಡೆ ಮಗ್ಗುಲಾಗಿ ಮಲಗುತ್ತಾರೆ.

ಆ ರಾತ್ರಿ ನಿಂತು ನೋಡಿದಾಗ ನನಗೆ ಎದ್ದು ಕಂಡದ್ದು ಇನ್ನೊಂದು. ನೀನು ರೆಪ್ಪೆ ಹೊಡೆಯುತ್ತಲೇ ಇರಲಿಲ್ಲ. ಸಾಧಾರಣವಾಗಿ ಮನುಷ್ಯ ನಿಮಿಷಕ್ಕೆ ಹದಿನೈದು ಸಲ ರೆಪ್ಪೆ ಮಿಟುಕಿಸುತ್ತಾನೆ. ಪರದೆಯ ಮುಂದೆ ಕೂತರೆ ಅದು ಐದಾರಕ್ಕೆ ಇಳಿಯುತ್ತದೆ. ಕಣ್ಣೀರಿನ ತೆಳು ಪೊರೆ ಆರಿದ ಮೇಲೆ ಉರಿ, ಮರಳು ಬಿದ್ದಂತೆ ಚುಚ್ಚುವುದು, ಕಡೆಗೆ ನೀರು ಸುರಿಯುವುದು. "ನೀರು ಬರ್ತಿದೆಯಲ್ಲ, ಒಣಗಿರೋದು ಹೇಗೆ?" ಅಂದಿದ್ದೆ ನೀನು. ಒಣಗಿದ್ದಕ್ಕೇ ಬರುವ ನೀರು ಅದು. ಮೇಲಿಂದ ಫ್ಯಾನಿನ ಗಾಳಿ ನೇರ ಮುಖಕ್ಕೆ.

ಈಗ ನೀನು ಕೇಳಿದ ಯಂತ್ರಕ್ಕೆ ಬರುತ್ತೇನೆ. ಇ-ಇಂಕ್ ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಪುಟ್ಟ ಗುಳ್ಳೆಗಳಿವೆ. ಪ್ರತಿ ಗುಳ್ಳೆಯಲ್ಲೂ ಬಿಳಿ ಕಣ, ಕರಿ ಕಣ. ವಿದ್ಯುತ್ತು ಕೊಟ್ಟಾಗ ಒಂದು ಮೇಲೆ ಬರುತ್ತದೆ, ಇನ್ನೊಂದು ಕೆಳಗಿಳಿಯುತ್ತದೆ. ಆಮೇಲೆ ಪುಟ ತಿರುಗಿಸುವ ತನಕ ಕರೆಂಟಿನ ಹಂಗಿಲ್ಲದೆ ಹಾಗೇ ನಿಂತಿರುತ್ತದೆ. ಓದುವುದು ಕೋಣೆಯ ಬೆಳಕಿನಲ್ಲಿ, ಕಾಗದ ಓದಿದ ಹಾಗೆ. ಬಿಸಿಲಿನಲ್ಲಿ ಕೂತರೆ ಇನ್ನೂ ಚೆನ್ನ. ಇದು ಎಲ್ಲರ ಕಣ್ಣಿಗೂ ಎಲ್‌ಸಿಡಿಗಿಂತ ಹಿತವೇ ಎಂಬುದರಲ್ಲಿ ಸಂಶೋಧಕರಿಗೂ ಒಮ್ಮತವಿಲ್ಲ. ನನ್ನ ಕಣ್ಣಿಗಂತೂ ಹಿತ.

ಆದರೆ ಹಿತವಾಗಿದ್ದು ಇಂಗ್ಲಿಷ್ ಓದುವಾಗ. ಎರಡು ವರ್ಷದ ಹಿಂದೆ ನಾನು ಆರು ಅಂಗುಲದ್ದೊಂದನ್ನು ಕೊಂಡೆ, ನಿನಗೆ ಹೇಳಿರಲಿಲ್ಲ. ಆಸೆಯಿಂದ ಕನ್ನಡದ ಪಿಡಿಎಫ್ ಹಾಕಿದೆ. ಇಡೀ ಪುಟ ಕುಗ್ಗಿ ಅಂಗೈಯಗಲವಾಯಿತು. ಅಕ್ಷರ ದೊಡ್ಡದು ಮಾಡೋಣವೆಂದರೆ ಪಿಡಿಎಫ್ ಅಚ್ಚು ಹಾಕಿದ ಪುಟವಿದ್ದಂತೆ, ಸಾಲುಗಳು ಹೊಸದಾಗಿ ಹರಿದು ಕೂರುವುದಿಲ್ಲ. ಇಂಗ್ಲಿಷಿನವರಿಗೆ ಒಂದೇ ಅಂತಸ್ತಿನ ಮನೆ ಅಕ್ಕ, ನಮ್ಮದು ನೆಲಮಾಳಿಗೆ ಇರುವ ಮನೆ. 'ರಾಷ್ಟ್ರ' ಎಂದು ಬರೆದರೆ ಷ ಅಡಿಯಲ್ಲಿ ಟ, ಅದರ ಪಕ್ಕಕ್ಕೆ ರ ಒತ್ತು. ಒತ್ತಕ್ಷರಗಳು ಮಾಮೂಲಿ ಅಕ್ಷರಕ್ಕಿಂತ ಎಷ್ಟೋ ಚಿಕ್ಕವು, ಆ ಪರದೆಯ ಮೇಲೆ ಅವು ಇರುವೆ ಸಾಲು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳದ್ದು ಇನ್ನೂ ಕಷ್ಟ. ಹಳದಿಗಟ್ಟಿದ ಕಾಗದ ಅಲ್ಲಿ ಬೂದಿ ಬಣ್ಣ ತಾಳಿ ಅಕ್ಷರವನ್ನು ನುಂಗುತ್ತದೆ.

ಪರದೆಯಷ್ಟೇ ಕಣ್ಣಿಗೆ ಮುಖ್ಯವಾದದ್ದು ಕಡತ ಯಾವ ರೂಪದಲ್ಲಿದೆ ಎಂಬುದು. ಯೂನಿಕೋಡಿನಲ್ಲಿರುವ ಇ-ಪಬ್ ಸಿಕ್ಕರೆ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು, ಸಾಲುಗಳು ತಾವೇ ಸರಿದುಕೊಳ್ಳುತ್ತವೆ. ಕನ್ನಡದಲ್ಲಿ ಅಂಥವು ಬೇಗ ಬರಲಿಲ್ಲ. ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಇದ್ದವು. ಕನ್ನಡ ಇರಲಿಲ್ಲ. ನಿನ್ನ ಪ್ರಕಾಶಕರನ್ನು ಒಂದು ಮಾತು ಕೇಳು: ಪುಟವಿನ್ಯಾಸಕ್ಕೆ ಮುಂಚೆಯೇ ಮೊದಲ ಕರಡನ್ನು ಯೂನಿಕೋಡ್ ವರ್ಡ್ ಕಡತವಾಗಿ ಕಳಿಸಲಿ. ಅಕ್ಷರವನ್ನು ಇಪ್ಪತ್ತು ಪಾಯಿಂಟಿಗೆ ಏರಿಸಿಕೊಂಡು ತಿದ್ದು. ಕೊನೆಯ ಪುಟಕರಡು ಮಾತ್ರ ಪಿಡಿಎಫ್ ಆಗಲಿ. ಮೂವತ್ತು ವರ್ಷ ಅವರ ಮಾನ ಉಳಿಸಿದ್ದೀಯ, ಇಷ್ಟು ಕೇಳುವ ಹಕ್ಕು ನಿನಗಿದೆ.

ಹಾಗಾದರೆ ಯಾವುದು ಕೊಳ್ಳಬೇಕು? ಹತ್ತು ಅಂಗುಲಕ್ಕೆ ಕಡಿಮೆಯಿಲ್ಲದ, ಆಂಡ್ರಾಯ್ಡ್ ಇರುವ ಇ-ಇಂಕ್ ಟ್ಯಾಬ್. ಆಂಡ್ರಾಯ್ಡ್ ಇದ್ದರೆ ಕನ್ನಡದ ಒತ್ತುಗಳು ಚೆಲ್ಲಾಪಿಲ್ಲಿಯಾಗುವುದಿಲ್ಲ, ಪೆನ್ನಿನ ಸೌಲಭ್ಯವೂ ಇದ್ದರೆ ಪುಟದ ಮೇಲೆಯೇ ನಿನ್ನ ತಿದ್ದುಗುರುತು ಹಾಕಬಹುದು. ಬಣ್ಣದ್ದು ಬೇಡ, ಅದರ ಹಿನ್ನೆಲೆ ಕಪ್ಪು ಬಿಳುಪಿನದಕ್ಕಿಂತ ಮಬ್ಬು. ಪುಟ ತಿರುಗಿಸಿದಾಗ ಹಿಂದಿನ ಪುಟದ ನೆರಳು ಸ್ವಲ್ಪ ಉಳಿಯುತ್ತದೆ, ವಿಡಿಯೋ ನೋಡಲು ಪ್ರಯೋಜನವಿಲ್ಲ. ಬೆಲೆಯೂ ಸಾಧಾರಣ ಲ್ಯಾಪ್‌ಟಾಪಿನದಷ್ಟು. ಆ ದುಡ್ಡಿನ ಮಾತು ನನಗೆ ಬಿಡು.

ಆದರೆ ಅದಕ್ಕೆ ಮೊದಲು ಕಣ್ಣಿನ ಡಾಕ್ಟರು. ನಿನ್ನ ಚಾಳೀಸು ಕೈಯಲ್ಲಿ ಹಿಡಿದ ಪುಸ್ತಕದ ದೂರಕ್ಕೆ, ಎಂದರೆ ಸುಮಾರು ನಲವತ್ತು ಸೆಂಟಿಮೀಟರಿಗೆ ಮಾಡಿಸಿದ್ದು. ಮೇಜಿನ ಮೇಲಿನ ಕಂಪ್ಯೂಟರು ಅದಕ್ಕಿಂತ ದೂರ. ಅದಕ್ಕೇ ನೀನು ಗದ್ದ ಎತ್ತಿ, ಕತ್ತು ಮುಂದೆ ಚಾಚಿ ಕೂರುವುದು. ನಡುದೂರಕ್ಕೆ ಬೇರೆ ಕನ್ನಡಕ ಮಾಡಿಕೊಡುತ್ತಾರೆ, ಕೂತಲ್ಲಿಂದ ಪರದೆಗೆ ಎಷ್ಟು ದೂರ ಎಂದು ಮೊದಲೇ ಟೇಪಿನಲ್ಲಿ ಅಳೆದುಕೊಂಡು ಹೋಗು. ಒಣಗಣ್ಣಿನ ವಿಷಯವನ್ನೂ ಬಾಯಿಬಿಟ್ಟು ಹೇಳು. ಅಲ್ಲಿ ಹೋಗಿ "ಏನಿಲ್ಲ, ಸ್ವಲ್ಪ ಉರಿ" ಅಂದು ಎದ್ದು ಬರಬೇಡ.

ಬರುವ ಭಾನುವಾರ ನನ್ನ ಸ್ನೇಹಿತನ ಹತ್ತಿರವಿರುವ ದೊಡ್ಡ ಇ-ಇಂಕ್ ಟ್ಯಾಬನ್ನು ಹೊತ್ತು ತರುತ್ತೇನೆ. ಒಂದು ವಾರ ಇಟ್ಟುಕೊಂಡು ಎರಡು ಅಧ್ಯಾಯ ತಿದ್ದಿ ನೋಡು, ಒಗ್ಗದಿದ್ದರೆ ಕೊಳ್ಳುವುದೇ ಬೇಡ. ಅಲ್ಲಿಯ ತನಕ ಕೈಯಲ್ಲಿರುವ ಕಾದಂಬರಿಯನ್ನು ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ತಿದ್ದು. ರಾತ್ರಿ ಬೇಡ.

ನಿನ್ನ ಪ್ರೀತಿಯ ತಮ್ಮ